ನಿಟ್ಟುಸಿರಿಲ್ಲದ ಇಪ್ಪತ್ತು ನಿಮಿಷ

ಭಾವನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಮದ್ದಿತ್ತು. ತಲೆನೋವೇ? ಜೋರಾಗಿ ಉಸಿರು ಎಳ್ಕೊ. ನಿದ್ದೆ ಬರ್ತಿಲ್ಲವೇ? ಜೋರಾಗಿ ಉಸಿರು ಎಳ್ಕೊ. ಮೇಲಧಿಕಾರಿ ಬೈದನೇ? ಹೊಟ್ಟೆಯಿಂದ ಎಳ್ಕೊಂಡು ಬಾಯಲ್ಲಿ ಬಿಡು, ಅವನೇ ಬಂದು ಕ್ಷಮೆ ಕೇಳ್ತಾನೆ. ಇಪ್ಪತ್ತೆರಡು ವರ್ಷದಿಂದ ಊರಿನ ಈಜುಕೊಳದಲ್ಲಿ ಈಜು ಕಲಿಸುತ್ತಿದ್ದ ಮನುಷ್ಯ. ಎದೆಯೆಂದರೆ ಬಾಗಿಲಗಲ. ನೀರಿನಡಿಯಲ್ಲಿ ಒಂದೇ ಉಸಿರಿಗೆ ಕೊಳದ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ಅರ್ಧ ದಾರಿ ಬಂದು ತಲೆಯೆತ್ತುತ್ತಿದ್ದರು. ಕುಲುಮೆಯ ತಿದಿಯ ಹಾಗೆ ಗಾಳಿ ಎಳೆದು ಬಿಡುತ್ತಾರೆಂದು ಕೊಳಕ್ಕೆ ಬರುವವರು ಅವರಿಗೆ 'ತಿದಿ' ಎಂದೇ ಅಡ್ಡಹೆಸರಿಟ್ಟಿದ್ದರು. ಭಾವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಯಾರಾದರೂ ಹಾಗೆ ಕರೆದರೆ ಎದೆ ಇನ್ನೊಂದು ಅಂಗುಲ ಉಬ್ಬುತ್ತಿತ್ತು.

ಅವರ ನಾದಿನಿಗೆ, ಅಂದರೆ ಹೆಂಡತಿಯ ತಂಗಿಗೆ, ಏಳನೇ ವಯಸ್ಸಿನಿಂದ ಉಬ್ಬಸ. ಅವಳು ಗಡಿಯಾರ ರಿಪೇರಿಯವಳು. ಚಪ್ಪಲಿ ಅಂಗಡಿಗೂ ಔಷಧದಂಗಡಿಗೂ ನಡುವೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟಾದ ಅಂಗಡಿ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಹಿಡಿದು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಗೋಡೆಯ ಮೇಲೆ ನಲವತ್ತು ಗಡಿಯಾರಗಳು ಟಿಕ್‌ಟಿಕ್ ಅನ್ನುತ್ತಿದ್ದುದರಿಂದ ಹೊತ್ತು ಹೋಗದೆ ಇರುವ ಪ್ರಶ್ನೆಯೂ ಇರಲಿಲ್ಲವೆನ್ನಿ. ಆ ಕೆಲಸದಲ್ಲಿ ಜೋರಾಗಿ ಉಸಿರು ಬಿಟ್ಟರೆ ತಿರುಪು ಹಾರಿ ಯಾವ ಸಂದಿಗೋ ಸೇರುತ್ತದೆ. ಹಾಗಾಗಿ ಸಣ್ಣಗೆ ಉಸಿರಾಡುವುದು ಅವಳಿಗೆ ಕೈಕಸುಬಿನ ಜೊತೆಗೇ ಬಂದಿತ್ತು.

ಭಾನುವಾರದ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ ಎಂಬುದು ಹಳೆಯ ರೂಢಿ. ಆ ಭಾನುವಾರ ಅವಳು ಹೊಸ್ತಿಲು ದಾಟಿದಾಗಲೇ ಮೂಗಿಗೆ ಘಾಟು ಹೊಡೆಯಿತು. ಭಾವ ತಾವೇ ನಿಂತು ನಡುಮನೆಗೆ ಬಣ್ಣ ಬಳಿದಿದ್ದರು. ಗೋಡೆಗೆ ಎಷ್ಟು ಬಳಿದಿದ್ದರೋ ಕಿವಿಗೂ ಅಷ್ಟೇ ಬಳಿದುಕೊಂಡಿದ್ದರು.

"ಏನಮ್ಮ, ಹೇಗಿದೆ ಬಣ್ಣ?"

"ಚೆನ್ನಾ..." ಎನ್ನುವಷ್ಟರಲ್ಲಿ ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಎದೆಯೊಳಗೆ ಸಣ್ಣ ಸಿಳ್ಳೆ.

"ಗಾಬರಿ ಆಗ್ಬೇಡ. ಬೆನ್ನು ನೆಟ್ಟಗೆ ಮಾಡು. ಜೋರಾಗಿ ಉಸಿರು ಎಳ್ಕೊ! ಇನ್ನೂ! ಇನ್ನೂ!"

ಭಾವನ ಮಾತು ತೆಗೆದುಹಾಕಬಾರದೆಂದು ಅವಳು ಎಳೆದುಕೊಂಡಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಎದೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗಾಯಿತು. ಕೈಚೀಲದಿಂದ ಇನ್ಹೇಲರ್ ತೆಗೆದು ಎರಡು ಸಲ ಒತ್ತಿ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಹತ್ತು ನಿಮಿಷದಲ್ಲಿ ಸಿಳ್ಳೆ ಇಳಿಯಿತು.

ಭಾವ ಬಾಗಿಲಲ್ಲಿ ನಿಂತು ತಲೆಯಾಡಿಸಿದರು. "ನೋಡು, ನಿನ್ನದು ಅದೇ ತೊಂದರೆ. ಸರಿಯಾಗಿ ಎಳ್ಕೊಳ್ಳೋದೇ ಇಲ್ಲ. ಅರ್ಧಕ್ಕೆ ನಿಲ್ಲಿಸಿಬಿಡ್ತೀಯ."

"ಅವಳ ಪಾಡಿಗೆ ಅವಳನ್ನ ಬಿಡ್ರೀ," ಎಂದು ಅಕ್ಕ ಒಳಗಿನಿಂದ ಗದರಿದಳು. ಅಕ್ಕ ಲೆಕ್ಕದ ಟೀಚರ್. ಮೂವತ್ತೈದು ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವವಳು. ಗಂಡನೊಬ್ಬನ ಮೇಲೆ ಮಾತ್ರ ಆ ನೋಟ ನಡೆಯುತ್ತಿರಲಿಲ್ಲ.

ಉಬ್ಬಸಕ್ಕಿಂತ ಅವಳಿಗೆ ಚುಚ್ಚುತ್ತಿದ್ದುದು ಆ 'ಸರಿಯಾಗಿ' ಎಂಬ ಮಾತು. ಭಾವ ಮನೆಗೆ ಬಂದ ಹದಿನಾರು ವರ್ಷದಿಂದ ಕೇಳಿದ್ದಳು. ಕೇಳಿ ಕೇಳಿ, ಉಸಿರಾಡುವುದರಲ್ಲೂ ತಾನು ನಪಾಸೇ ಇರಬೇಕು ಎಂಬ ಅನುಮಾನ ಅವಳಿಗೂ ಹತ್ತಿತ್ತು.

ಮುಂದಿನ ವಾರ ಆಸ್ಪತ್ರೆಯಲ್ಲಿ ಅವಳ ಮಾಮೂಲಿ ತಪಾಸಣೆಯಿತ್ತು. ಎಲ್ಲ ಮುಗಿದು ಚೀಟಿ ಕೈಗೆ ಬಂದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ.

"ಡಾಕ್ಟರೇ, ಒಂದು ಮಾತು ಕೇಳ್ಲಾ? ನೀವು ನಗಬಾರದು."

"ಕೇಳಿ, ನಗೋದಿಲ್ಲ," ಎಂದರು ಡಾಕ್ಟರಮ್ಮ.

"ಎದೆ ಬಿಗಿದಾಗ ಜೋರಾಗಿ ಉಸಿರು ಎಳ್ಕೊಂಡ್ರೆ ಎಲ್ಲರಿಗೂ ಹಗುರ ಆಗುತ್ತಂತೆ. ನನಗೆ ಇನ್ನೂ ಬಿಗಿಯುತ್ತೆ. ನಾನು ತಪ್ಪಾಗಿ ಎಳ್ಕೊಳ್ತಿದ್ದೀನಾ?"

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು. "ಇನ್ನೂ ಬಿಗಿಯುತ್ತೆ ಅಂತ ನಿಮಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನನ್ನ ಎದೆನೇ ಹೇಳಿದ್ದು."

"ನಿಮ್ಮ ಎದೆ ಬುದ್ಧಿವಂತ ಎದೆ ಕಣಮ್ಮ," ಎಂದು ಡಾಕ್ಟರಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಾವು ಈಗ ಅದನ್ನೇ ಪರೀಕ್ಷೆ ಮಾಡ್ತಿದ್ದೀವಿ. ಉಬ್ಬಸ ಇರೋರೂ ಬೇಕು, ಇಲ್ಲದೋರೂ ಬೇಕು. ಶ್ವಾಸನಾಳ ಸ್ವಲ್ಪ ಬಿಗಿಯೋ ಹಾಗೆ ಮಾಡೋ ಒಂದು ಔಷಧ ಇದೆ, ಅದನ್ನ ಮಂಜಿನ ಥರ ಉಸಿರಲ್ಲಿ ಕೊಡ್ತೀವಿ. ಒಂದು ದಿನ ಜೋರು ಉಸಿರು ಎಳ್ಕೊಂಡು, ಇನ್ನೊಂದು ದಿನ ಎಳ್ಕೊಳ್ಳದೆ. ಬಿಗಿ ಬಿಡಿಸೋ ಮದ್ದು ಪಕ್ಕದಲ್ಲೇ ಇರುತ್ತೆ. ಬೇಡ ಅನ್ನಿಸಿದ ಕ್ಷಣ ನಿಲ್ಲಿಸಬಹುದು. ಒಪ್ಪಿಗೆನಾ?"

"ಒಪ್ಪಿಗೆ."

"ಉಬ್ಬಸ ಇಲ್ಲದೋರು ಇನ್ನೂ ಕಡಿಮೆ ಇದ್ದಾರೆ. ನಿಮಗೆ ಗೊತ್ತಿರೋ ಪೈಕಿ ಗಟ್ಟಿ ಎದೆಯವರು ಯಾರಾದ್ರೂ..."

ಅವಳು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು.

ಭಾವನನ್ನು ಒಪ್ಪಿಸಬೇಕಾಗಲೇ ಇಲ್ಲ. ಕಾಗದಗಳನ್ನೆಲ್ಲ ಓದಿ ಸಹಿ ಹಾಕಿ, "ನನ್ನ ಎದೆಗೆ ನಿಮ್ಮ ಯಂತ್ರ ತಡ್ಕೊಳ್ಳುತ್ತಾ ನೋಡ್ಕೊಳಿ," ಎಂದು ಡಾಕ್ಟರಮ್ಮನಿಗೇ ಎಚ್ಚರಿಕೆ ಕೊಟ್ಟರು.

ಉಸಿರು ಅಳೆಯುವ ಕೋಣೆ ಮೂರನೇ ಮಹಡಿಯಲ್ಲಿತ್ತು. ಎರಡು ಕುರ್ಚಿ, ಕೊಳವೆಗಳ ಯಂತ್ರ, ಒಂದು ಪರದೆ, ಬಾಗಿಲಿಗೆ ಅಂಗೈಯಗಲದ ಗಾಜು. ಅಲ್ಲಿಯ ಒಡತಿಯೆಂದರೆ ನಿವೃತ್ತಿಗೆ ಹತ್ತಿರವಾದ ಲ್ಯಾಬ್ ಟೆಕ್ನಿಷಿಯನ್ ಹೆಂಗಸು. ಕುತ್ತಿಗೆಯಲ್ಲಿ ಸರಪಳಿಗೆ ಕಟ್ಟಿದ ಕನ್ನಡಕ, ಕೈಯಲ್ಲಿ ಸ್ಟಾಪ್‌ವಾಚ್. ಮಾತು ಕಮ್ಮಿ. ಭಾವ ಒಳಗೆ ಬರುತ್ತಲೇ "ಏನಮ್ಮ, ಶುರು ಮಾಡೋಣ್ವಾ?" ಎಂದು ಗುಡುಗಿದರೆ, ಆಕೆ ಕೂತುಕೊಳ್ಳಿ ಎಂದು ಬೆರಳು ತೋರಿಸಿದಳು, ಅಷ್ಟೆ.

ಮೊದಲ ದಿನ ಜೋರು ಉಸಿರಿನ ದಿನ. ಭಾವ ಎದೆ ತುಂಬ ಎಳೆದುಕೊಂಡರು, ಮಂಜು ಸೇದಿದರು, ಕೊಳವೆಗೆ ಊದಿದರು. ಏನೂ ಆಗಲಿಲ್ಲ. ಔಷಧ ಹೆಚ್ಚಿಸಿದರು. ಆಗಲೂ ಏನೂ ಆಗಲಿಲ್ಲ. ನಾದಿನಿಗೆ ಅದರ ಹತ್ತರಲ್ಲೊಂದು ಪಾಲು ಕೊಟ್ಟಿದ್ದಕ್ಕೇ ಸಿಳ್ಳೆ ಶುರುವಾಯಿತು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಭಾವನನ್ನು ಹಿಡಿಯುವವರಿಲ್ಲ. "ನೋಡಿದ್ಯಾ? ಅದೇನೋ ಮಂಜಂತೆ, ಔಷಧವಂತೆ. ಎಳ್ಕೊಳ್ಳೋದರಲ್ಲಿ ಇರೋದು ಗುಟ್ಟು. ನೀನು ನಾಳೆಯಿಂದ ಬೆಳಿಗ್ಗೆ ಹತ್ತು ನಿಮಿಷ ನನ್ನ ಎದುರಿಗೆ ಕೂತು..." ಅವಳು ಕಿಟಕಿಯ ಕಡೆ ಮುಖ ಮಾಡಿದಳು. ತನ್ನ ಮಾತಿಗೆ ಸಾಕ್ಷಿ ಸಿಗುತ್ತದೆಂದು ಹೋದವಳು ಭಾವನ ಮಾತಿಗೆ ಸಾಕ್ಷಿ ಕೊಡಿಸಿ ಬಂದಿದ್ದಳು.

ಎರಡನೇ ದಿನಕ್ಕೆ ಅಕ್ಕನೂ ಬಂದಳು. ಶಾಲೆಗೆ ರಜೆ. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮಡಿಲಲ್ಲಿಟ್ಟುಕೊಂಡು ಕೋಣೆಯ ಮೂಲೆಯಲ್ಲಿ ಕೂತಳು.

ಟೆಕ್ನಿಷಿಯನ್ ಭಾವನ ಎದೆಗೆ ಒಂದು ಪಟ್ಟಿ ಕಟ್ಟಿದಳು. ಅವರು ಉಸಿರಾಡಿದ ಹಾಗೆ ಪರದೆಯ ಮೇಲೆ ಗೆರೆಯೊಂದು ಸಣ್ಣ ಸಣ್ಣ ಅಲೆಯಾಗಿ ಸಾಗುತ್ತಿತ್ತು.

"ಇಪ್ಪತ್ತು ನಿಮಿಷ. ಸಾಧಾರಣ ಉಸಿರು. ಜೋರಾಗಿ ಎಳ್ಕೋಬಾರದು. ಆಮೇಲೆ ಮಂಜು," ಎಂದಳು.

"ಇಷ್ಟೇನಾ? ನಾನು ನೀರಲ್ಲಿ..."

"ಮಾತೂ ಆಡಬಾರದು." ಸ್ಟಾಪ್‌ವಾಚ್ ಒತ್ತಿದಳು.

ನಾಲ್ಕು ನಿಮಿಷ ಕಳೆಯಿತು. ಪರದೆಯ ಮೇಲಿನ ಅಲೆಗಳ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಗುಡ್ಡ ಎದ್ದಿತು.

"ಮೊದಲಿಂದ," ಎಂದಳು ಆಕೆ.

"ಯಾಕೆ? ನಾನೇನು ಮಾಡಿದೆ?"

"ನಿಟ್ಟುಸಿರು ಬಿಟ್ರಿ."

"ನಾನಾ? ನನಗೆ ಯಾವ ಚಿಂತೆ ಇದೆ ಅಂತ ನಿಟ್ಟುಸಿರು ಬಿಡ್ಲಿ?"

ಆಕೆ ಬೆರಳಿನಿಂದ ಗುಡ್ಡ ತೋರಿಸಿದಳು. "ಚಿಂತೆಗೇ ಬರಬೇಕು ಅಂತಿಲ್ಲ. ಐದೋ ಹತ್ತೋ ನಿಮಿಷಕ್ಕೊಂದು ಎಲ್ಲರಿಗೂ ಬರುತ್ತೆ. ಯಾರಿಗೂ ಗೊತ್ತಾಗೋದಿಲ್ಲ."

ಅಕ್ಕ ಉತ್ತರಪತ್ರಿಕೆಯಿಂದ ತಲೆಯೆತ್ತಿ, "ನನ್ನನ್ನ ಕಟ್ಕೊಂಡಿದ್ದಕ್ಕಿರಬೇಕು," ಎಂದಳು.

ಎರಡನೇ ಸಲ ಹನ್ನೊಂದು ನಿಮಿಷ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಅಕ್ಕನಿಗೆ ಒಂದೇ ಲೆಕ್ಕದ ಮೂವತ್ತನೇ ತಪ್ಪುತ್ತರ ನೋಡಿ ಆಕಳಿಕೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು ನಿಜ, ಆದರೆ ಭಾವ ನೋಡಿಬಿಟ್ಟಿದ್ದರು. ಆಕಳಿಕೆಯಂಥ ಅಂಟುರೋಗ ಇನ್ನೊಂದಿಲ್ಲ. ಭಾವನ ದವಡೆ ನಡುಗಿತು, ಮೂಗಿನ ಹೊಳ್ಳೆ ಅಗಲವಾಯಿತು, ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಗುಹೆಯ ಬಾಗಿಲಿನ ಹಾಗೆ ಬಾಯಿ ತೆರೆದುಕೊಂಡಿತು.

"ಮೊದಲಿಂದ. ಅಮ್ಮಾ, ನೀವು ಹೊರಗೆ."

ಅಕ್ಕ ಕಟ್ಟು ಎತ್ತಿಕೊಂಡು ಹೊರಗೆ ಹೋದಳು. ಆದರೆ ಕುತೂಹಲ ಬಿಡಬೇಕಲ್ಲ. ಮೂರನೇ ಸಲ ಹದಿನೇಳನೇ ನಿಮಿಷದಲ್ಲಿ ಬಾಗಿಲಿನ ಗಾಜಿನಾಚೆ ಅವಳ ಮುಖ ಕಾಣಿಸಿತು. ಮತ್ತೆ ಆಕಳಿಸಿ ಕೆಲಸ ಕೆಡಿಸಬಾರದೆಂದು ಎರಡೂ ಕೈಯಲ್ಲಿ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಕಣ್ಣು ಮಾತ್ರ ಗೂಬೆಯ ಹಾಗೆ ದುಂಡಗೆ. ಭಾವ ಒಂದು ಕ್ಷಣ ತಡೆದರು. ಆಮೇಲೆ ಅವರ ನಗು ಮೂರನೇ ಮಹಡಿಯಿಡೀ ಕೇಳಿಸಿತು.

ಟೆಕ್ನಿಷಿಯನ್ ಮೊದಲಿಂದ ಎನ್ನಲೂ ಇಲ್ಲ. ಸ್ಟಾಪ್‌ವಾಚನ್ನು ಸೊನ್ನೆಗೆ ತಿರುಗಿಸಿ, ಬಾಗಿಲಿನ ಗಾಜಿಗೆ ಒಂದು ಕಾಗದ ಅಂಟಿಸಿದಳು.

"ಆಗೋದಿಲ್ಲ ಕಣಮ್ಮ," ಎಂದು ಭಾವ ಬೆವರೊರೆಸಿಕೊಂಡು ನಾದಿನಿಯ ಕಡೆ ನೋಡಿದರು. "ಎಳ್ಕೊ ಅಂದ್ರೆ ಎಷ್ಟು ಬೇಕಾದ್ರೂ ಎಳ್ಕೊಳ್ತೀನಿ. ಎಳ್ಕೋಬೇಡ ಅಂದ್ರೆ ಹೇಗೆ ಅಂತಾನೇ ಗೊತ್ತಾಗ್ತಿಲ್ಲ."

ಹದಿನಾರು ವರ್ಷದಲ್ಲಿ ಭಾವ ಉಸಿರಿನ ವಿಷಯದಲ್ಲಿ ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅವಳು ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡಳು.

"ಭಾವ, ನನ್ನ ಅಂಗಡೀಲಿ ಕೂತಿದ್ದೀರಿ ಅಂದ್ಕೊಳಿ. ನಿಮ್ಮ ಚಿಮಟದಲ್ಲಿ ಒಂದು ತಿರುಪು ಇದೆ. ಉಸಿರು ತಾಗಿದ್ರೆ ಹಾರಿಹೋಗುತ್ತೆ. ಮೂಗಿನ ತುದೀಲೇ ಒಂಚೂರು ತಗೊಳ್ಳಿ, ಅಲ್ಲೇ ಬಿಡಿ. ನಾನು ಹೇಳ್ತಾ ಹೋಗ್ತೀನಿ, ನೀವು ಜೋಡಿಸ್ತಾ ಹೋಗಿ."

ಟೆಕ್ನಿಷಿಯನ್ ಆಕ್ಷೇಪಿಸದೆ ಸ್ಟಾಪ್‌ವಾಚ್ ಒತ್ತಿದಳು. ನಾದಿನಿ ಮೆಲ್ಲಗೆ, ಒಂದೇ ಹದದ ದನಿಯಲ್ಲಿ, ಬಿಚ್ಚಿಟ್ಟ ಕೈಗಡಿಯಾರವೊಂದನ್ನು ಜೋಡಿಸತೊಡಗಿದಳು. ಮೊದಲು ಸುರುಳಿ. ಆಮೇಲೆ ದೊಡ್ಡ ಹಲ್ಲಿನ ಚಕ್ರ, ಅದರ ಪಕ್ಕ ಸಣ್ಣದು. ಈ ಹಲ್ಲು ಆ ಹಲ್ಲಿಗೆ ಕೂತಿತಾ, ನೋಡಿ. ಈಗ ತಿರುಪು, ಅರ್ಧ ಸುತ್ತು, ಸಾಕು. ಭಾವನ ಕಣ್ಣು ಅರೆಮುಚ್ಚಿತು. ತೊಡೆಯ ಮೇಲಿದ್ದ ದಪ್ಪ ಬೆರಳುಗಳು ಇಲ್ಲದ ತಿರುಪನ್ನು ತಿರುಗಿಸುತ್ತಿದ್ದವು. ಪರದೆಯ ಮೇಲೆ ಅಲೆಗಳು ಒಂದರ ಹಿಂದೊಂದು, ಎಲ್ಲಿಯೂ ಗುಡ್ಡವಿಲ್ಲ. ಗಡಿಯಾರಕ್ಕೆ ಮುಳ್ಳು ಕೂರಿಸಿ, ಗಾಜು ಮುಚ್ಚಿ, ಬೆಲ್ಟು ಹಾಕುವ ಹೊತ್ತಿಗೆ ಟೆಕ್ನಿಷಿಯನ್ ಕೈಯೆತ್ತಿದಳು. ಇಪ್ಪತ್ತು ನಿಮಿಷ ಆಗಿತ್ತು.

ಭಾವ ಮಂಜು ಸೇದಿದರು. ಮೊದಲ ದಿನಕ್ಕಿಂತ ಹೆಚ್ಚೇನಿರಲಿಲ್ಲ.

ಒಂದು ನಿಮಿಷ. ಎರಡು. ಭಾವನ ಹುಬ್ಬು ಗಂಟಾಯಿತು. ಕೈ ಎದೆಗೆ ಹೋಯಿತು.

"ಏನಿದು... ಎದೆ ಮೇಲೆ ಯಾರೋ ಕೂತ ಹಾಗೆ..."

ಅವಳಿಗೆ ಆ ಶಬ್ದ ಕೇಳಿಸಿತು. ಹುಟ್ಟಿದೂರಿನ ಭಾಷೆಯನ್ನು ಪರದೇಶದಲ್ಲಿ ಕೇಳಿದವರ ಹಾಗೆ ಕಿವಿ ನಿಮಿರಿತು. ಸಣ್ಣ ಸಿಳ್ಳೆ, ಭಾವನ ಬಾಗಿಲಗಲದ ಎದೆಯೊಳಗಿಂದ!

ಅವಳು ಅವರ ಕೈ ಹಿಡಿದುಕೊಂಡಳು. "ಹೆದರ್ಕೋಬೇಡಿ ಭಾವ. ನಾನು ಬಲ್ಲೆ ಇದನ್ನ. ಹೆಗಲು ಸಡಿಲ ಬಿಡಿ. ನಿಧಾನ, ನಿಧಾನ."

ಟೆಕ್ನಿಷಿಯನ್ ಅಳೆದಳು. ಅಷ್ಟು ಹೊತ್ತಿಗೆ ಒಳಗೆ ಬಂದಿದ್ದ ಡಾಕ್ಟರಮ್ಮ ಅಂಕಿ ನೋಡಿ ತಲೆಯಾಡಿಸಿ, "ಸರಿ, ಈಗ ನಿಮ್ಮದೇ ಮದ್ದು, ಜೋರು ಉಸಿರು. ಎದೆ ತುಂಬ ಎಳ್ಕೊಳಿ," ಎಂದರು.

ಭಾವ ಎಳೆದುಕೊಂಡರು. ಇನ್ನೊಂದು ಸಲ. ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು. "ಹೋಯ್ತು! ಬಿಡ್ತು, ಬಿಡ್ತು!" ಎಂದು ಮಗುವಿನ ಹಾಗೆ ನಕ್ಕರು. ನಗುತ್ತಿದ್ದವರು ತಟ್ಟನೆ ನಗು ನಿಲ್ಲಿಸಿ ನಾದಿನಿಯ ಮುಖ ನೋಡಿದರು.

"ನಿನಗೆ ಹೀಗೆ ಬಿಡೋದಿಲ್ವಾ?"

"ಇಲ್ಲ ಭಾವ."

ಮುಂದಿನ ಸರದಿ ಅವಳದು. ಇಪ್ಪತ್ತು ನಿಮಿಷವನ್ನು ಮೊದಲ ಸಲಕ್ಕೇ ದಾಟಿದಳು. ಟೆಕ್ನಿಷಿಯನ್ ಬಾಯಿಂದ "ಭೇಷ್" ಎಂಬ ಮಾತೂ ಬಂತು. ಮಂಜು ಒಂದು ಚೂರು. ಎದೆ ಬಿಗಿಯಿತು. ಎದೆ ತುಂಬ ಎಳ್ಕೊಳಿ ಎಂದರು ಡಾಕ್ಟರಮ್ಮ. ಎಳೆದುಕೊಂಡಳು, ಪೂರ್ತಿ, ಒಂದಿಷ್ಟೂ ಬಾಕಿ ಇಡದೆ. ಪರದೆಯ ಮೇಲೆ ಗುಡ್ಡ ಭಾವನದಷ್ಟೇ ನೆಟ್ಟಗೆ ಎದ್ದಿತು. ಆದರೆ ಅಳತೆಯ ಅಂಕಿ ಏರಲಿಲ್ಲ. ಎರಡನೇ ಸಲ ಎಳೆದಾಗ ಇನ್ನೂ ಒಂದು ಮೆಟ್ಟಿಲು ಇಳಿಯಿತು.

"ಸಾಕು, ಸಾಕು! ಮದ್ದು ಕೊಡಿ ಅವಳಿಗೆ!" ಎಂದು ಭಾವ ಕುರ್ಚಿ ಬಿಟ್ಟು ಎದ್ದರು. ಮದ್ದು ಆಗಲೇ ಟೆಕ್ನಿಷಿಯನ್ ಕೈಯಲ್ಲಿತ್ತು. ಹತ್ತು ನಿಮಿಷದಲ್ಲಿ ಅವಳ ಎದೆ ತಿಳಿಯಾಯಿತು. ಆ ಹತ್ತು ನಿಮಿಷವೂ ಭಾವ ಪಕ್ಕದಲ್ಲೇ ನಿಂತಿದ್ದರು.

ಅಕ್ಕನನ್ನೂ ಒಳಗೆ ಕರೆಸಿ ಡಾಕ್ಟರಮ್ಮ ವಿಷಯ ಹೇಳಿದರು. ಶ್ವಾಸನಾಳದ ಸುತ್ತ ಸಣ್ಣ ಸ್ನಾಯುಗಳಿರುತ್ತವೆ. ಜೋರು ಉಸಿರು ಅವನ್ನು ಹಿಗ್ಗಿಸುತ್ತದೆ. ಆರೋಗ್ಯವಂತರಲ್ಲಿ ಒಮ್ಮೆ ಹಿಗ್ಗಿದ ಸ್ನಾಯು ಕೆಲಹೊತ್ತು ಸಡಿಲವಾಗಿಯೇ ಇರುತ್ತದೆ; ಅರಿವಿಲ್ಲದೆ ಬಿಡುವ ನಿಟ್ಟುಸಿರುಗಳೂ ದಿನವಿಡೀ ಅದೇ ಕೆಲಸ ಮಾಡುತ್ತವೆ. ಅದನ್ನು ತಡೆದರೆ ಗಟ್ಟಿಮುಟ್ಟಾದ ಎದೆಯೂ ಮಂಜಿಗೆ ಬಿಗಿಯುತ್ತದೆ. ಉಬ್ಬಸ ಇರುವ ಬಹಳ ಜನರಲ್ಲಿ ಹಿಗ್ಗಿದ್ದು ಕೂಡಲೇ ಮತ್ತೆ ಬಿಗಿಯುತ್ತದೆ, ಕೆಲವರಲ್ಲಿ ಮೊದಲಿಗಿಂತಲೂ ಹೆಚ್ಚು. "ಯಾಕೆ ಅಂತ ಪೂರ್ತಿ ಗೊತ್ತಾಗಿಲ್ಲ. ಅದನ್ನ ಹುಡುಕೋಕೇ ನಿಮ್ಮಂಥೋರನ್ನ ಕೂರಿಸ್ತಿರೋದು," ಎಂದರು. "ಒಂದಂತೂ ಖಂಡಿತ. ಈಕೆ ಎಳ್ಕೊಂಡಿದ್ದರಲ್ಲಿ ತಪ್ಪೇ ಇಲ್ಲ. ನಿಮ್ಮಷ್ಟೇ ಚೆನ್ನಾಗಿ ಎಳ್ಕೊಂಡಿದ್ದಾರೆ."

ಅವಳು ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಲಿಲ್ಲ. ಕೇಳಬೇಕೆನಿಸಿತ್ತು.

ಬಸ್ಸಿನಲ್ಲಿ ಭಾವ ಮೂರು ನಿಲ್ದಾಣದವರೆಗೆ ಟಿಕೆಟನ್ನು ಮಡಚುತ್ತ ಬಿಚ್ಚುತ್ತ ಕೂತರು. ನಾಲ್ಕನೆಯದರಲ್ಲಿ, "ಹದಿನಾರು ವರ್ಷ," ಎಂದರು. "ಕಣ್ಣು ಕಾಣದೋನಿಗೆ ಸರಿಯಾಗಿ ನೋಡು ಅಂತ ಬೈದ ಹಾಗೆ ಬೈದಿದ್ದೀನಿ. ನೀನು ಒಂದು ದಿನಾನೂ ತಿರುಗಿ ಅನ್ನಲಿಲ್ಲವಲ್ಲಮ್ಮ?"

"ಅನ್ನೋಕೆ ಉಸಿರು ಎಲ್ಲಿ ಉಳೀತಿತ್ತು ಭಾವ?"

ಅಕ್ಕ ಮೊದಲು ನಕ್ಕಳು. ಆಮೇಲೆ ಭಾವ, ಕಣ್ಣೊರೆಸಿಕೊಂಡು. "ಇದರ ಬಗ್ಗೆ ಕೊಳದಲ್ಲಿ ಯಾರ ಹತ್ರನೂ ಉಸಿರು ಬಿಡ್ಬೇಡಿ," ಎಂದರು. ಆದರೆ ಗುಟ್ಟು ಭಾವನ ಹೊಟ್ಟೆಯಲ್ಲಿ ಎಂದೂ ನಿಂತದ್ದಿಲ್ಲ. ಮರುದಿನವೇ ಕೊಳದ ದಂಡೆಯಲ್ಲಿ ನಿಂತು ಇಡೀ ತರಗತಿಗೆ ತಮ್ಮ ಸಿಳ್ಳೆಯ ಕಥೆಯನ್ನು ಅಭಿನಯ ಸಮೇತ ಹೇಳಿದರು. ಉಬ್ಬಸ ಇರುವವರು ಕೈಯೆತ್ತಿ ಎಂದರೆ ನಾಲ್ಕು ಕೈ ಮೇಲೆದ್ದವು. ಆ ನಾಲ್ವರೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು.

ಎರಡು ವಾರದ ಮೇಲೆ ಭಾವ ಗಡಿಯಾರದ ಅಂಗಡಿಗೆ ಬಂದರು. ಒಳಗೆ ಹಿಡಿಸಲಾರದೆ ಬಾಗಿಲಲ್ಲೇ ನಿಂತು, "ನಿನಗೆ ಈಜು ಕಲೀಬೇಕು ಅಂತ ಆಸೆ ಇತ್ತಂತೆ. ನಿಮ್ಮಕ್ಕ ಹೇಳಿದ್ಲು. ನನ್ನ ಹತ್ರ ಯಾಕೆ ಬರಲಿಲ್ಲ ಅಂತಾನೂ ಹೇಳಿದ್ಲು," ಎಂದರು.

ಅವಳು ಭೂತಗನ್ನಡಿ ತೆಗೆದಳು. "ಬರ್ತೀನಿ. ಆದ್ರೆ ಡಾಕ್ಟರಮ್ಮನ್ನ ಕೇಳಿ ಬರ್ತೀನಿ. ನೀರಿಗಿಳಿಯೋ ಮುಂಚೆ ಇನ್ಹೇಲರ್ ತಗೊಳ್ತೀನಿ. ನಾನು ನಿಲ್ಲಿಸು ಅಂದ್ರೆ ನೀವು ನಿಲ್ಲಿಸಬೇಕು. ಉಸಿರಿನ ಲೆಕ್ಕ ನಂದು."

"ಕೈಕಾಲಿನ ಲೆಕ್ಕ ನಂದು," ಎಂದರು ಭಾವ. ಮರುದಿನ ಹೋಗಿ ಕೇಳಿದಾಗ ಡಾಕ್ಟರಮ್ಮನೂ ಒಪ್ಪಿದರು.

ಎರಡು ತಿಂಗಳು, ವಾರಕ್ಕೆ ಮೂರು ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು. ಮೊದಲ ವಾರ ಕಂಬಿ ಹಿಡಿದು ಕಾಲು ಬಡಿಯುವುದರಲ್ಲೇ ಹೋಯಿತು. ಎರಡು ಸಲ ಎದೆ ಬಿಗಿದು ದಂಡೆಗೆ ಬಂದು ಕೂತಳು; ಭಾವ ಪಕ್ಕದಲ್ಲಿ ಕೂತು ಹವಾಮಾನದ ಬಗ್ಗೆ ಮಾತಾಡಿದರು. ಭಾವ ಬೇರೆಯವರಿಗೆ ಮೂರು ಕೈಬಡಿತಕ್ಕೊಂದು ಉಸಿರು ಎಂದು ಕಲಿಸುತ್ತಿದ್ದರು. ಅವಳು ತನ್ನದೇ ಲೆಕ್ಕ ಕಂಡುಕೊಂಡಳು: ಪ್ರತಿ ಬಡಿತಕ್ಕೊಂದು, ಸಣ್ಣದು, ಮೆಲ್ಲಗೆ.

ಒಂಬತ್ತನೇ ವಾರದ ಗುರುವಾರ ಅವಳು ಕೊಳದ ಅಡ್ಡಗಲ ದಾಟಿದಳು. ಉದ್ದವಲ್ಲ, ಅಗಲವೇ, ಆದರೂ ಅಷ್ಟೂ ನೀರು ಅವಳೊಬ್ಬಳೇ ದಾಟಿದ್ದು. ಆಚೆ ದಂಡೆಯ ಕಂಬಿ ಕೈಗೆ ಸಿಕ್ಕಾಗ ಕಿವಿಯೊಳಗೆ ಎದೆ ಬಡಿಯುತ್ತಿತ್ತು, ಏದುಸಿರು ಬರುತ್ತಿತ್ತು. ಕಿವಿಗೊಟ್ಟು ಕೇಳಿದಳು. ಸಿಳ್ಳೆಯಿಲ್ಲ. ಓಡಿ ಬಂದ ಯಾರಿಗಾದರೂ ಬರುವಂಥ ಉಸಿರು.

ಅಕ್ಕ ಟವೆಲ್ ಹಿಡಿದು ಬಗ್ಗಿದಳು. "ಸುಸ್ತಾಯ್ತೇನೇ? ಮೇಲೆ ಬಾ."

"ತಡಿ ಅಕ್ಕ," ಎಂದು ಅವಳು ಮುಖದ ನೀರು ಒರೆಸಿಕೊಂಡು ಬಂದ ದಾರಿಯ ಕಡೆ ನೋಡಿದಳು. ನೀಲಿ ನೀರು ಇನ್ನೂ ಅಲ್ಲಾಡುತ್ತಿತ್ತು. "ಚಪ್ಪಲಿ ಆಚೆ ದಂಡೇಲಿ ಬಿಟ್ಟಿದ್ದೀನಿ."

ಕಂಬಿಗೆ ಕಾಲು ಕೊಟ್ಟು ಒದ್ದು, ಮತ್ತೆ ಹೊರಟಳು. ಭಾವ ದಂಡೆಯುದ್ದಕ್ಕೂ ಅವಳ ಸಮಕ್ಕೆ ನಡೆಯುತ್ತ, "ಕೈ ಚಾಚು, ಕೈ ಚಾಚು!" ಎಂದು ಕೂಗುತ್ತಿದ್ದರು. ಆ ದಿನ ಗಡಿಯಾರದ ಅಂಗಡಿ ಅರ್ಧ ಗಂಟೆ ತಡವಾಗಿ ತೆರೆಯಿತು.